ಹುವಾ ನನ್ನ ನಾಡಿ ಹಿಡಿದ ವರ್ಷ

ಸಿಡ್ನಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸವಾಗಿತ್ತು. ಮೈಸೂರಿನಲ್ಲಿ ಏಳು ವರ್ಷ, ಇಲ್ಲಿ ಒಂಬತ್ತು ವರ್ಷ, ಊರವರ ರಕ್ತವನ್ನೆಲ್ಲ ಗಾಜಿನ ಮೇಲೆ ಹಚ್ಚಿ ನೋಡಿ ಅವರಿಗೇನಾಗಿದೆ ಎಂದು ಬರೆದುಕೊಡುತ್ತಿದ್ದವಳು ನಾನು. ನನಗೇ ಏನಾಗುತ್ತಿದೆ ಎನ್ನುವುದು ಮಾತ್ರ ನಲವತ್ತಾರು ತುಂಬಿದ ಆ ವರ್ಷ ಎಷ್ಟೋ ತಿಂಗಳು ತಿಳಿಯಲಿಲ್ಲ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಇಂಥದ್ದನ್ನು ಬಾಯಿಬಿಟ್ಟು ಹೇಳುವವರು ನನ್ನ ಸುತ್ತ ಒಬ್ಬರೂ ಇರಲಿಲ್ಲ. ಈಗ ಅದನ್ನೆಲ್ಲ ಹೇಳುತ್ತೇನೆಂದು ಕೂತರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ತಡಬಡಾಯಿಸುವಷ್ಟು ಉತ್ಸಾಹ ಬರುತ್ತದೆ. ಕೋಲ್ಡ್ ರೂಮಿನಿಂದಲೇ ಶುರುಮಾಡುತ್ತೇನೆ.

ಲ್ಯಾಬಿನ ರಾಸಾಯನಿಕಗಳನ್ನು ಇಡಲು ಒಂದು ಚಿಕ್ಕ ಕೋಣೆ ಇತ್ತು. ಫ್ರಿಜ್ಜಿನಷ್ಟೇ ತಣ್ಣಗೆ, ನಡೆದು ಒಳಗೆ ಹೋಗುವಷ್ಟು ದೊಡ್ಡದು. ಕೆಲಸ ಮಾಡುತ್ತ ಕೂತಿದ್ದಾಗ ಹೊಟ್ಟೆಯಿಂದ ಎದ್ದ ಬೆಂಕಿ ಕುತ್ತಿಗೆ ದಾಟಿ ನೆತ್ತಿಗೆ ಏರುತ್ತಿತ್ತು. ಕನ್ನಡಕದ ಗಾಜು ಮಂಜಾಗುತ್ತಿತ್ತು, ಬ್ಲೌಸು ಬೆನ್ನಿಗೆ ಅಂಟುತ್ತಿತ್ತು. ಆಗ ನಾನು ಏನೋ ಬಾಟಲಿ ತರುವವಳ ಹಾಗೆ ಎದ್ದು ಆ ಕೋಣೆಗೆ ಹೋಗಿ, ರಟ್ಟಿನ ಡಬ್ಬ ಒಂದನ್ನು ಬೋರಲು ಹಾಕಿಕೊಂಡು ಕೂತುಬಿಡುತ್ತಿದ್ದೆ. ದಿನಕ್ಕೆ ನಾಲ್ಕೈದು ಸಲ. ನನ್ನ ಜೊತೆಯವರು, ವಾರಿಜಾ ಎಂಬ ನನ್ನ ಹೆಸರನ್ನು ವ್ಯಾರಿ ಎಂದು ಮೊಟಕು ಮಾಡಿದ್ದವರು, ವ್ಯಾರಿಗೆ ಇಂಡಿಯಾದ ಬಿಸಿಲು ರೂಢಿ, ಇವಳಿಗೇಕೆ ಇಷ್ಟು ಸೆಕೆ ಎಂದು ತಮಾಷೆ ಮಾಡುತ್ತಿದ್ದರು. ನಾನೂ ನಕ್ಕುಬಿಡುತ್ತಿದ್ದೆ.

ಒಂದು ಮಧ್ಯಾಹ್ನ ಹಾಗೆ ಡಬ್ಬದ ಮೇಲೆ ಕೂತು, ಕಾರಣವೇ ಇಲ್ಲದೆ ಬಿಕ್ಕಿಬಿಕ್ಕಿ ಅಳುತ್ತಿದ್ದಾಗ ಬಾಗಿಲು ತೆರೆಯಿತು. ತಳ್ಳುಗಾಡಿಯ ಜೊತೆ ಹುವಾ ಒಳಗೆ ಬಂದಳು. ಅವಳು ನಮ್ಮ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವವಳು. ಚೀನಾದ ನಾನ್‌ಜಿಂಗ್‌ನಿಂದ ಇಂಗ್ಲಿಷ್ ಕಲಿಯುವ ವೀಸಾದಲ್ಲಿ ಬಂದು ಎರಡು ವರ್ಷವಾಗಿತ್ತು. ನನ್ನದೇ ವಯಸ್ಸು. ಆ ಎರಡು ವರ್ಷದಲ್ಲಿ ನಾನು ಅವಳಿಗೆ ಥ್ಯಾಂಕ್ಯೂ ಬಿಟ್ಟು ಬೇರೆ ಮಾತು ಹೇಳಿದ್ದು ನೆನಪಿಲ್ಲ.

ಹುವಾ ರಬ್ಬರಿನ ಕೈಗವಸು ಕಳಚಿ, ನನ್ನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟಳು. ನಮ್ಮ ಅಗ್ರಹಾರದ ಪಂಡಿತರು ನಾಡಿ ನೋಡುತ್ತಿದ್ದ ಹಾಗೆಯೇ, ಕಣ್ಣು ಅರ್ಧ ಮುಚ್ಚಿಕೊಂಡು. ಆಮೇಲೆ ಇನ್ನೊಂದು ಕೈ. ಆಮೇಲೆ ನಾಲಿಗೆ ತೋರಿಸು ಎಂದಳು. ನಾನು ತೋರಿಸಿದೆ. ಕೊನೆಗೆ ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿದಳು, "ರಕ್ತ ಎಷ್ಟು ದಿನ ಹೋಗುತ್ತೆ?"

ಗಂಡನಿಗೂ ಸರಿಯಾಗಿ ಹೇಳದಿದ್ದನ್ನು ಆ ಚಳಿ ಕೋಣೆಯಲ್ಲಿ ಅವಳಿಗೆ ಹೇಳಿದೆ. ಹನ್ನೊಂದು ದಿನ, ಕೆಲವು ಸಲ ಹದಿನೈದು. ಎರಡು ತಿಂಗಳು ಬರುವುದೇ ಇಲ್ಲ, ಬಂದರೆ ನಿಲ್ಲುವುದಿಲ್ಲ. ಮೆಟ್ಟಿಲು ಹತ್ತಿದರೆ ಕಿವಿಯಲ್ಲಿ ಗುಯ್‌ಗುಡುತ್ತದೆ. ಮಗಳು ಲೋಟ ಕೆಳಗಿಟ್ಟ ಸದ್ದಿಗೆ ಕಿರುಚುತ್ತೇನೆ.

ಹುವಾ ತಲೆಯಾಡಿಸಿದಳು. ಅವತ್ತು ನನಗೆ ತಿಳಿಯಿತು, ಅವಳು ನಾನ್‌ಜಿಂಗ್‌ನ ದೊಡ್ಡ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ಹೆಂಗಸರ ವಿಭಾಗದಲ್ಲಿ ಚೀನೀ ವೈದ್ಯ ಮಾಡಿದ್ದ ಡಾಕ್ಟರು. ಇಲ್ಲಿ ಅವಳ ಓದಿಗೆ ಬೆಲೆ ಇರಲಿಲ್ಲ, ಪಿಪೆಟ್ಟು ತೊಳೆಯುತ್ತಿದ್ದಳು. ನಾಚಿಕೆಯಿಂದ ನನ್ನ ಬಿಸಿಯೆಲ್ಲ ಇಳಿದುಹೋಯಿತು. ಹಾಗಾದರೆ ನನಗೆ ಏನಾದರೂ ಬೇರು ನಾರು ಕೊಡು ಎಂದೆ. ಅವಳು ಖಡಾಖಂಡಿತವಾಗಿ ಒಲ್ಲೆ ಎಂದಳು.

"ಮೊದಲು ಆಸ್ಪತ್ರೆ ಡಾಕ್ಟರ್. ಒಳಗೆ ಕೆಟ್ಟದ್ದು ಇಲ್ಲ ಅಂತ ಗೊತ್ತಾಗಬೇಕು. ಆಮೇಲೆ ನಾನು."

ಅವತ್ತು ಸಂಜೆ ಜೊತೆಯವಳಿಗೆ ಹೇಳಿ ನನ್ನ ರಕ್ತ ತೆಗೆಸಿಕೊಂಡು ಮೈಕ್ರೋಸ್ಕೋಪಿನಲ್ಲಿ ನಾನೇ ನೋಡಿದೆ. ಕೆಂಪು ಕಣಗಳು ಪುಟ್ಟ ಕೋಡುಬಳೆಗಳ ಹಾಗೆ ಕಂಡವು. ಸುತ್ತ ತೆಳ್ಳನೆಯ ಕೆಂಪು ಅಂಚು, ನಡುವೆ ಖಾಲಿ. ಬೇರೆಯವರ ರಕ್ತ ಹೀಗಿದ್ದರೆ ಕೂಡಲೇ ವಾರ್ಡಿಗೆ ಫೋನು ಮಾಡುತ್ತಿದ್ದೆ. ಇಷ್ಟು ತಿಂಗಳು ಈ ರಕ್ತ ಹೊತ್ತುಕೊಂಡು ಓಡಾಡಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಕನಿಕರವಾಯಿತು.

ಮನೆಯಲ್ಲಿ ನನ್ನ ಗಂಡ ಶ್ರೀಕಂಠ ನನಗೆ ಊರಿನ ನೆನಪು ಕಾಡುತ್ತಿದೆ ಎಂದುಕೊಂಡಿದ್ದರು. ಅವರು ಸೇತುವೆ ಕಟ್ಟುವ ಇಂಜಿನಿಯರ್. ಏನಾದರೂ ಬಿರುಕು ಬಿಟ್ಟರೆ ಕಾರಣ ಕಣ್ಣಿಗೆ ಕಾಣಬೇಕು ಎನ್ನುವ ಮನುಷ್ಯ. ಮಗಳು ರಶ್ಮಿ ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಓದುತ್ತಿದ್ದಳು. ನಾನು ಕನ್ನಡದಲ್ಲಿ ಬೈದರೆ ಅವಳು ಇಂಗ್ಲಿಷಿನಲ್ಲಿ, "ಮಮ್, ಯು ಆರ್ ಬೀಯಿಂಗ್ ವಿಯರ್ಡ್," ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಮ್ಮನಿಗಾದರೂ ಗೊತ್ತಿರಬಹುದು ಎಂದು ಮೈಸೂರಿಗೆ ಫೋನು ಮಾಡಿ, ನಿನಗೆ ಹೇಗೆ ನಿಂತಿತು ಎಂದು ಕೇಳಿದೆ. ಅಮ್ಮ, "ಅದೇನು ಹೇಳ್ಕೊಳ್ಳೋ ವಿಷಯಾನೇನೇ? ನಿಲ್ತು, ಅಷ್ಟೆ," ಎಂದು ರಶ್ಮಿಯ ಓದಿನ ಬಗ್ಗೆ ವಿಚಾರಿಸತೊಡಗಿದಳು.

ಸ್ತ್ರೀರೋಗ ತಜ್ಞರ ಕೋಣೆಯ ಹೊರಗೆ ಕಾಯುವ ಜಾಗದಲ್ಲಿ ಎಲ್ಲರೂ ಬಸುರಿಯರು. ಗೋಡೆ ತುಂಬ ಮಕ್ಕಳ ಪಟಗಳು. ಶ್ರೀಕಂಠ ಎಲ್ಲಿ ನೋಡಬೇಕೆಂದು ತಿಳಿಯದೆ ಕೈಗೆ ಸಿಕ್ಕ ಪುಸ್ತಕ ಎತ್ತಿಕೊಂಡರು. ಅದು ಎದೆಹಾಲು ಕುಡಿಸುವ ಕ್ರಮದ ಪುಸ್ತಕ. ಪಾಪ, ಇಡೀ ಮುಕ್ಕಾಲು ಗಂಟೆ ಅದನ್ನೇ ಓದಿದರು. ಪಕ್ಕದಲ್ಲಿದ್ದ ಹುಡುಗಿ ನನ್ನನ್ನು ನೋಡಿ, ನಿಮ್ಮ ಮಗಳು ಒಳಗಿದ್ದಾಳಾ ಎಂದು ಅಕ್ಕರೆಯಿಂದ ಕೇಳಿದಳು. ಹೌದು ಎಂದುಬಿಟ್ಟೆ.

ವಯಸ್ಸಾದ, ಸಮಾಧಾನದ ಡಾಕ್ಟರು ಅವರು. ಈ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಮುಂಚೆ ಹೀಗಾಗುವುದುಂಟು, ಆದರೆ ಬೇರೆ ಏನೂ ಇಲ್ಲವೆಂದು ಖಚಿತವಾಗಬೇಕು ಎಂದು ಗರ್ಭಕೋಶದ ಒಳಪದರದಿಂದ ಚೂರು ತೆಗೆದರು. ರಕ್ತ ಹೀಗೇ ಹೋಗುತ್ತಿದ್ದರೆ ಗರ್ಭಕೋಶ ತೆಗೆಯುವುದನ್ನೂ ಯೋಚಿಸಬೇಕಾಗುತ್ತದೆ ಎಂದರು. ಆ ಚೂರು ಪರೀಕ್ಷೆಗೆ ಹೋಗುವುದು ಎಲ್ಲಿಗೆ? ನಮ್ಮದೇ ಲ್ಯಾಬಿಗೆ. ನನ್ನ ಮೇಜಿನಿಂದ ಎರಡು ಬಾಗಿಲು ಆಚೆ.

ಆರು ದಿನ. ನೀರು ಕುಡಿಯಲು ಹೋಗಬೇಕಾದರೂ ಆ ಬಾಗಿಲು ದಾಟಬೇಕು. ಅಲ್ಲಿಯ ಮುಖ್ಯಸ್ಥೆ ಮಾರ್ಗರೆಟ್ ದಿನವೂ ನನ್ನ ಜೊತೆ ಚಹಾ ಕುಡಿಯುತ್ತಿದ್ದವಳು ಆ ವಾರ ಚಹಾಕ್ಕೆ ಬರಲಿಲ್ಲ. ಎದುರಾದರೆ ಕಣ್ಣು ತಪ್ಪಿಸುತ್ತಿದ್ದಳು. ಆ ಚೂರಿನ ಡಬ್ಬಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ನನ್ನ ಹೆಸರು ಅವಳಿಗೆ ಕಂಡಿರುತ್ತದೆ, ಡಾಕ್ಟರಿಗೆ ತಿಳಿಸುವ ಮುಂಚೆ ಅವಳು ಬಾಯಿಬಿಡುವ ಹಾಗಿಲ್ಲ. ಇದೆಲ್ಲ ನನಗೆ ಗೊತ್ತು. ಎಷ್ಟು ಜನರ ರಿಪೋರ್ಟನ್ನು ನಾನೇ ಹಾಗೆ ಬಚ್ಚಿಟ್ಟುಕೊಂಡು ಓಡಾಡಿಲ್ಲ? ಆದರೂ ಅವಳ ಮುಖದಲ್ಲಿ ನನ್ನ ಸಾವನ್ನೇ ಓದುತ್ತಿದ್ದೆ. ರಶ್ಮಿಯ ಮದುವೆಗೆ ಎತ್ತಿಟ್ಟ ಸೀರೆಗಳನ್ನು ಯಾರಿಗೆ ಒಪ್ಪಿಸುವುದು ಎನ್ನುವವರೆಗೂ ಹೋಗಿದ್ದೆ.

ಅದೇ ವಾರ ಹುವಾ ಕೆಲಸ ಬಿಟ್ಟಳು. ಮೆಲ್ಬರ್ನ್‌ನ ರಿಚ್ಮಂಡಿನಲ್ಲಿ ಅವಳ ಸೋದರಸಂಬಂಧಿಯೊಬ್ಬ ಗಿಡಮೂಲಿಕೆಯ ಅಂಗಡಿ ಇಟ್ಟಿದ್ದ. ಹಿಂದಿನ ಕೋಣೆಯಲ್ಲಿ ಕೂತು ರೋಗಿಗಳನ್ನು ನೋಡು ಎಂದು ಕರೆದಿದ್ದನಂತೆ. ಹೊರಡುವ ದಿನ ಅವಳಿಗೆ ಮಾತ್ರ ನನ್ನ ಭಯವನ್ನೆಲ್ಲ ಹೇಳಿಕೊಂಡೆ. ರಿಪೋರ್ಟು ಬಂದ ದಿನ ಫೋನು ಮಾಡು ಎಂದು ನಂಬರು ಬರೆದುಕೊಟ್ಟಳು. ಹೆಸರಿನ ಅರ್ಥವೇನು ಎಂದು ಕೇಳಿದ್ದಕ್ಕೆ ಹುವಾ ಎಂದರೆ ಹೂವು ಎಂದಳು. ನಮ್ಮಲ್ಲೂ ಹೂವೇ ಎಂದೆ. ಇಬ್ಬರೂ ಅವಳು ಗಾಜು ತೊಳೆಯುತ್ತಿದ್ದ ಸಿಂಕಿನ ಮುಂದೆ ನಿಂತು ಅದನ್ನೇ ನಾಲ್ಕು ಸಲ ಹೇಳಿಕೊಂಡು ನಕ್ಕೆವು.

ಏಳನೆಯ ದಿನ ಡಾಕ್ಟರು ಹೇಳಿದರು: ಕ್ಯಾನ್ಸರ್ ಇಲ್ಲ, ಆ ದಾರಿಯ ಸುಳಿವೂ ಇಲ್ಲ. ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಮೂರು ತಿಂಗಳು ನೋಡೋಣ, ಆಪರೇಷನ್ ಮಾತು ಆಮೇಲೆ ಎಂದರು. ಚೀನೀ ವೈದ್ಯದ ವಿಷಯ ಎತ್ತಿದೆ. ಅವರು ನಗಲೂ ಇಲ್ಲ, ಹೊಗಳಲೂ ಇಲ್ಲ. ಏನೇನು ಕುಡಿಯುತ್ತೀಯೋ ಅದರ ಪಟ್ಟಿ ನನಗೆ ತಂದುಕೊಡು, ರಕ್ತ ಹೆಚ್ಚಾದರೆ ಅವತ್ತೇ ಬಾ ಎಂದರು. ಮಾರ್ಗರೆಟ್ ಮಾರನೆಯ ದಿನ ಎರಡು ಕಪ್ ಚಹಾ ಹಿಡಿದು ನನ್ನ ಮೇಜಿನ ಮುಂದೆ ನಿಂತಿದ್ದಳು. ಶ್ರೀಕಂಠ ಆ ಸಂಜೆ ತಾವೇ ಕೇಸರಿಬಾತು ಮಾಡಿದ್ದರು, ಪೂರ್ತಿ ಗಂಟುಗಂಟು. ನಾವು ಮೂವರೂ ಬಾಣಲೆ ಕೆರೆದು ತಿಂದೆವು.

ಶ್ರೀಕಂಠರ ಎದುರಿನಲ್ಲೇ ಹುವಾಗೆ ಫೋನು ಮಾಡಿ, ಆ ಆರು ದಿನದ ಭಯ ಮುಗಿಯಿತು ಎಂದೆ. ಅವಳು ಹೇಳಿದ್ದು ಎರಡೇ ಮಾತು. ಒಳ್ಳೆಯದಾಯಿತು, ಇನ್ನು ಬಾ.

ಲಾಂಗ್ ವೀಕೆಂಡಿನಲ್ಲಿ ರಶ್ಮಿಯನ್ನು ಗೆಳತಿಯ ಮನೆಯಲ್ಲಿ ಬಿಟ್ಟು ಶ್ರೀಕಂಠ ಕಾರು ತೆಗೆದರು. ಸಿಡ್ನಿಯಿಂದ ಮೆಲ್ಬರ್ನಿಗೆ ಬೆಳಗಿನಿಂದ ಸಂಜೆಯವರೆಗಿನ ದಾರಿ. ಗೋಲ್ಬರ್ನ್ ಎಂಬ ಊರು ದಾಟಿದ ಮೇಲೆ, ಇದರಲ್ಲಿ ತಮಗೆ ನಂಬಿಕೆ ಇಲ್ಲವೆಂದು ಅವರೇ ಶುರುಮಾಡಿದರು. ಹಾಗಾದರೆ ಇಷ್ಟು ದೂರ ಯಾಕೆ ಕರೆದುಕೊಂಡು ಹೋಗುತ್ತಿದ್ದೀರಿ ಎಂದೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು:

"ಆರು ದಿನ ನೀನು ಆ ಬಾಗಿಲ ಮುಂದೆ ಓಡಾಡಿದ್ದು ನನಗೆ ಹೇಳಲಿಲ್ಲ. ಅವಳಿಗೆ ಹೇಳಿದೆ. ಅವಳ ಹತ್ರ ಏನೋ ಇರಬೇಕು."

ನೀವು ಹೆದರಿಕೊಳ್ಳುತ್ತೀರಿ ಅಂತ ಹೇಳಲಿಲ್ಲ ಎಂದೆ. ಹೇಳದೇ ಇದ್ದಾಗಲೂ ಹೆದರಿದ್ದೆ ಎಂದರು ಅವರು. ಅಲ್ಲಿಂದ ಅರ್ಧ ದಾರಿಯ ಆಲ್ಬರಿ ಊರು ಬರುವವರೆಗೆ ನಾನು ಬಾಯಿ ಮುಚ್ಚಲಿಲ್ಲ. ರಕ್ತ, ಬಿಸಿ, ಸಿಟ್ಟು, ಕೋಲ್ಡ್ ರೂಮು, ಸೀರೆ ಹಂಚುವ ಯೋಚನೆ, ಎಲ್ಲ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನನ್ನ ಮೈಯ ಬಗ್ಗೆ ಅಷ್ಟು ಮಾತನ್ನು ಅವರು ಒಟ್ಟಿಗೆ ಕೇಳಿದ್ದು ಅದೇ ಮೊದಲು. ನಡುವೆ ಒಂದೆರಡು ಕಡೆ ಪ್ರಶ್ನೆಯನ್ನೂ ಕೇಳಿದರು, ಒಳ್ಳೆಯ ಪ್ರಶ್ನೆಗಳನ್ನೇ.

ಮೆಲ್ಬರ್ನ್‌ನಲ್ಲಿ ನಮ್ಮ ಬಿಡಾರ ಗ್ಲೆನ್ ವೇವರ್ಲಿಯ ವಿಮಲೆಯ ಮನೆ. ಮೈಸೂರಿನ ಕಾಲೇಜಿನಲ್ಲಿ ಒಂದೇ ಬೆಂಚಿನವರು ನಾವು. ಯಾಕೆ ಬಂದೆವೆಂದು ಅಡುಗೆಮನೆಯಲ್ಲಿ ಅವಳಿಗೆ ಹೇಳಿದೆನೋ ಇಲ್ಲವೋ, ಚಪಾತಿ ಲಟ್ಟಿಸುತ್ತಿದ್ದ ಕೈ ನಿಂತುಬಿಟ್ಟಿತು. "ನನಗೊಬ್ಬಳಿಗೇ ಅಂದ್ಕೊಂಡಿದ್ದೆ ಕಣೇ," ಎಂದಳು. ಮಾರನೆಯ ದಿನ ಅವಳೂ ಕಾರು ಹತ್ತಿದಳು.

ಅಂಗಡಿಯ ಮುಂಭಾಗದಲ್ಲಿ ಗೋಡೆ ತುಂಬ ಮರದ ಪುಟ್ಟ ಡ್ರಾಯರುಗಳು, ಒಣಶುಂಠಿ ಮತ್ತು ಹಳೆಯ ಸೌದೆಯ ವಾಸನೆ. ಕಾಯಲು ಒಂದು ಬೆಂಚು. ಅದರ ಮೇಲೆ ಟ್ರಾಮ್ ಕಂಡಕ್ಟರ್ ಹೆಂಗಸೊಬ್ಬಳು ಯೂನಿಫಾರ್ಮಿನಲ್ಲೇ, ಚರ್ಮದ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಪಕ್ಕದಲ್ಲಿ ಕಪ್ಪು ಉಡುಪಿನ ಇಟಲಿಯ ಅಜ್ಜಿ. ನನಗೆ ಬಿಸಿ ಏರಿ ಬೆವರು ಇಳಿಯತೊಡಗಿದ್ದನ್ನು ನೋಡಿ ಕಂಡಕ್ಟರ್ ತನ್ನ ಕೈಯಲ್ಲಿದ್ದ ಬೀಸಣಿಗೆಯನ್ನು ನನಗೆ ದಾಟಿಸಿದಳು. ಟಿಕೆಟು ಹರಿಯುತ್ತ ನಿಂತಾಗ ಹೀಗಾದರೆ ಏನು ಮಾಡುತ್ತೀ ಎಂದು ಕೇಳಿದೆ. ಮುಂದಿನ ಸ್ಟಾಪಿನಲ್ಲಿ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತೇನೆ, ಪ್ರಯಾಣಿಕರಿಗೆ ಗಾಳಿ ಬರಲಿ ಅಂತ ಎಂದು ಕಣ್ಣು ಮಿಟುಕಿಸಿದಳು. ಬಸುರಿಯರ ನಡುವೆ ಸುಳ್ಳು ಹೇಳಿ ಕೂತಿದ್ದವಳಿಗೆ ಆ ಬೆಂಚು ತವರುಮನೆಯ ಜಗುಲಿಯ ಹಾಗೆ ಅನಿಸಿತು.

ಹುವಾ ಹೊರಗೆ ಬಂದಳು. ಬಿಳಿಯ ಕೋಟು, ಜೇಬಿನಲ್ಲಿ ಪೆನ್ನು. ನಾನು ಎದ್ದು ನಿಂತೆ. ಎರಡು ವರ್ಷ ಬಗ್ಗಿ ಬಾಟಲಿ ತೊಳೆಯುತ್ತಿದ್ದುದನ್ನೇ ಕಂಡಿದ್ದ ನನಗೆ ಅವಳು ಇಷ್ಟು ಎತ್ತರ ಇದ್ದಾಳೆಂದು ಗೊತ್ತೇ ಇರಲಿಲ್ಲ.

ಅವಳು ಒಂದು ಗಂಟೆ ಪ್ರಶ್ನೆ ಕೇಳಿದಳು. ಕಾಲು ತಣ್ಣಗಿರುತ್ತಾ, ಕನಸು ಬೀಳುತ್ತಾ, ಸಿಟ್ಟು ಬಂದಾಗ ಎಲ್ಲಿ ಹಿಡಿದುಕೊಳ್ಳುತ್ತೆ, ಯಾರನ್ನು ನೆನೆದು ಅಳು ಬರುತ್ತೆ. ಇಷ್ಟು ಪ್ರಶ್ನೆಗೆ ಉತ್ತರ ಹೇಳುವಷ್ಟರಲ್ಲೇ ಅರ್ಧ ಭಾರ ಇಳಿದಿತ್ತು. ಆಮೇಲೆ ಸೂಜಿ. ದಿನಾ ಬೇರೆಯವರಿಗೆ ಚುಚ್ಚುವ ನಾನು ಆ ಕೂದಲೆಳೆಯಂಥ ಸೂಜಿಗಳನ್ನು ಕಂಡು ಮಂಚದ ಅಂಚು ಗಟ್ಟಿಯಾಗಿ ಹಿಡಿದೆ. ಕಾಲಿಗೆ ಮೂರು, ಕೈಗೆ ಎರಡು. ಇರುವೆ ಹರಿದಷ್ಟು ಗೊತ್ತಾಯಿತು. ಮತ್ತೆ ಎಚ್ಚರವಾದಾಗ ವಿಮಲೆ ನನ್ನ ಗೊರಕೆ ಬೆಂಚಿನವರೆಗೂ ಕೇಳಿಸಿತೆಂದು ವರದಿ ಕೊಟ್ಟಳು. ರಕ್ತ ಹೆಚ್ಚು ಹೋಗುವವರಿಗೆ ಆಗದ ಒಂದು ಬೇರನ್ನು ಕಷಾಯದ ಪೊಟ್ಟಣದಿಂದ ಬಿಟ್ಟಿದ್ದೇನೆ ಎಂದು ಹೇಳಿ, ಹುವಾ ಡಾಕ್ಟರಿಗಾಗಿ ಔಷಧದ ಪಟ್ಟಿಯನ್ನು ಲ್ಯಾಟಿನ್ ಹೆಸರುಗಳಲ್ಲಿ ಬರೆದುಕೊಟ್ಟಳು. ಕಬ್ಬಿಣದ ಮಾತ್ರೆ ಬಿಡಬೇಡ, ಎರಡಕ್ಕೂ ನಡುವೆ ಎರಡು ಗಂಟೆ ಅಂತರವಿರಲಿ ಎಂದಳು.

ಕಷಾಯ ಕಾಯಿಸುವ ಕೆಲಸ ಶ್ರೀಕಂಠರದಾಯಿತು. ಮೂರು ಬಟ್ಟಲು ನೀರು ಒಂದಕ್ಕೆ ಇಳಿಯಬೇಕು ಎಂದರೆ ಅವರು ಮಡಕೆಯೊಳಗೆ ಚಮಚದ ಹಿಡಿ ಇಳಿಸಿ ಅಳೆಯುತ್ತಿದ್ದರು. ಮನೆ ತುಂಬ ಹಬ್ಬಿದ ವಾಸನೆಗೆ ರಶ್ಮಿ, ಇದು ಸೂರಿನೊಳಗೆ ಸತ್ತ ಪಾಸಮ್ ಪ್ರಾಣಿಯ ವಾಸನೆ ಎಂದು ಕಿಟಕಿಗಳನ್ನೆಲ್ಲ ತೆರೆದಳು. ರುಚಿಯೋ, ಹಾಗಲಕಾಯಿಯನ್ನು ಮಣ್ಣಿನಲ್ಲಿ ಅರೆದ ಹಾಗೆ. ಕುಡಿದೆ. ಒಂದು ತಿಂಗಳು ಏನೂ ಆಗಲಿಲ್ಲ. ನಾನು ಕುಗ್ಗಿದೆ. ಆದರೆ ಬಿಡದವರು ಶ್ರೀಕಂಠ. ಮೆಲ್ಬರ್ನಿಗೆ ಫೋನು ಹಚ್ಚಿ, ಟಾರ್ಚು ಹಿಡಿದು ನನ್ನ ನಾಲಿಗೆ ಪರಿಶೀಲಿಸಿ, "ಅಂಚು ಕೆಂಪು, ಹಿಂದುಗಡೆ ಎಡಕ್ಕೆ ಬಿಳಿ ಪದರ, ನಡುವೆ ಒಂದು ಸೀಳು," ಎಂದು ಸೇತುವೆಯ ತಪಾಸಣೆಯ ಧಾಟಿಯಲ್ಲಿ ಹುವಾಗೆ ವರದಿ ಒಪ್ಪಿಸಿದರು. ಪಕ್ಕದಲ್ಲಿ ನಿಂತಿದ್ದ ರಶ್ಮಿ ನಗು ತಡೆಯಲಾರದೆ ನೆಲದ ಮೇಲೆ ಕೂತಳು. ನಾಲಿಗೆ ಚಾಚಿಕೊಂಡೇ ನಾನೂ ನಕ್ಕೆ. ಎಷ್ಟೋ ತಿಂಗಳಿಂದ ನಮ್ಮ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕಿರಲಿಲ್ಲ. ಆಮೇಲೆ ರಶ್ಮಿ ಮೆಲ್ಲಗೆ, ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಮ್ಮ ನನಗೆ ಹೇಳದಿದ್ದುದನ್ನು ಆ ವಾರ ನಾನು ಅವಳಿಗೆ ಹೇಳಿದೆ.

ಹುವಾ ಮಿಶ್ರಣ ಬದಲಿಸಿ ಪೋಸ್ಟಿನಲ್ಲಿ ಕಳಿಸಿದಳು. ಎರಡನೆಯ ತಿಂಗಳು ರಕ್ತ ಎಂಟು ದಿನಕ್ಕೆ ನಿಂತಿತು. ಮೂರನೆಯ ತಿಂಗಳು ಆರಕ್ಕೆ. ಮೈಕ್ರೋಸ್ಕೋಪಿನಲ್ಲಿ ಕೋಡುಬಳೆಗಳು ಮಾಯವಾಗಿ ತುಂಬಿದ ಕೆಂಪು ಕಣಗಳು ಕಂಡ ದಿನ ಲ್ಯಾಬಿನವರನ್ನೆಲ್ಲ ಕರೆದು ತೋರಿಸಿದೆ. ಯಾರ ರಕ್ತ ಎಂದು ಕೇಳಿದರು. ನನ್ನದು ಎಂದೆ. ಡಾಕ್ಟರು ಆಪರೇಷನ್ನಿನ ಮಾತು ಕೈಬಿಟ್ಟರು.

ಯಾವುದು ಗುಣಮಾಡಿತು? ಕಬ್ಬಿಣದ ಮಾತ್ರೆಯೋ, ಕಷಾಯವೋ, ಸೂಜಿಯೋ, ಅಥವಾ ತಾನಾಗೇ ಸರಿಹೋಗುವ ಕಾಲ ಬಂದಿತ್ತೋ, ಲ್ಯಾಬಿನವಳಾದ ನಾನು ಆಣೆ ಇಟ್ಟು ಹೇಳಲಾರೆ. ವಿಮಲೆಗೆ ಕಷಾಯ ಹಿಡಿಸಲಿಲ್ಲ, ಅವಳು ಹಾರ್ಮೋನ್ ಮಾತ್ರೆ ತೆಗೆದುಕೊಂಡು ಚೆನ್ನಾಗಿಯೇ ಇದ್ದಳು. ಹಾಗೆ ಮಾಡು ಎಂದು ಹೇಳಿ ಡಾಕ್ಟರ ಬಳಿಗೆ ಕಳಿಸಿದವಳೂ ಹುವಾಳೇ. ನನ್ನ ಬಿಸಿ ಪೂರ್ತಿ ಹೋಗಲಿಲ್ಲ, ಐವತ್ತೊಂದಕ್ಕೆ ಮುಟ್ಟು ನಿಲ್ಲುವವರೆಗೂ ಆಗಾಗ ಬರುತ್ತಿತ್ತು. ಆದರೆ ಅಡಗಿ ಕೂರುವುದನ್ನು ಬಿಟ್ಟೆ. ಬಂತು ನೋಡಿ ಎಂದು ಎಲ್ಲರೆದುರು ರಿಪೋರ್ಟಿನ ಹಾಳೆಯಲ್ಲೇ ಗಾಳಿ ಹಾಕಿಕೊಳ್ಳುತ್ತಿದ್ದೆ.

ಮರುವರ್ಷ ಮೆಲ್ಬರ್ನಿಗೆ ಹೋದಾಗ ವಿಮಲೆ ಒಂದು ಭಾನುವಾರ ತನ್ನ ಪರಿಚಯದ ಕನ್ನಡದ ಹೆಂಗಸರನ್ನೆಲ್ಲ ಊಟಕ್ಕೆ ಕರೆದು, ಹುವಾಳನ್ನೂ ಕರೆಸಿದಳು. ಗಂಡಸರನ್ನು ಪಾರ್ಕಿಗೆ ಅಟ್ಟಿಯಾಗಿತ್ತು. ಹುವಾ ಇಂಗ್ಲಿಷಿನಲ್ಲಿ ಹೇಳುವುದು, ನಾನು ಕನ್ನಡಕ್ಕೆ ತರುವುದು. ಇಂಗ್ಲಿಷ್ ಎಲ್ಲರಿಗೂ ಬರುತ್ತಿತ್ತು, ಆದರೆ ಕನ್ನಡದಲ್ಲಿ ಹೇಳಿದರೇ ಅದು ನಮ್ಮದಾಗುವುದು ಎಂದು ವಿಮಲೆಯ ಹಟ. ಮುಟ್ಟು ಎಂಬ ಪದವನ್ನು ತುಂಬಿದ ಮನೆಯಲ್ಲಿ ಗಟ್ಟಿಯಾಗಿ ಹೇಳಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಮೊದಲ ಸಲಕ್ಕೆ ಧ್ವನಿ ನಡುಗಿತು. ಹತ್ತನೆಯ ಸಲಕ್ಕೆ ಹುಳಿ, ಸಾರು ಎಂದಷ್ಟೇ ಸಲೀಸಾಗಿತ್ತು. ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಬಸ್ಸಿನಲ್ಲಿ ಸೀರೆ ಒದ್ದೆಯಾದವರು, ಮೀಟಿಂಗಿನಲ್ಲಿ ಹೆಸರು ಮರೆತವರು, ತಮಗೆ ತಲೆ ಕೆಟ್ಟಿದೆಯೆಂದೇ ನಂಬಿದ್ದವರು.

ಮೂಲೆಯ ಕುರ್ಚಿಯಲ್ಲಿ ವಿಮಲೆಯ ಅತ್ತೆ ಕಾವೇರಮ್ಮ ಕೂತಿದ್ದರು. ಎಪ್ಪತ್ತು ದಾಟಿದವರು, ಮೈಸೂರಿನಿಂದ ಮಗನನ್ನು ನೋಡಲು ಬಂದಿದ್ದವರು. ನಾವು ನಾಚಿಕೆಗೆಟ್ಟಿದ್ದೇವೆಂದು ಎದ್ದುಹೋಗುತ್ತಾರೆ ಎಂದುಕೊಂಡಿದ್ದೆವು. ಅವರು ಹೋಗಲಿಲ್ಲ. ಎಲ್ಲರ ಮಾತು ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದರು.

"ಆ ಡಾಕ್ಟರಮ್ಮನ್ನ ಒಂದು ಮಾತು ಕೇಳಮ್ಮ. ನಲವತ್ತೇಳನೇ ವಯಸ್ಸಿನಲ್ಲಿ ನನಗೆ ಹೀಗೇ ಆಗಿತ್ತು. ಉರಿ, ಅಳು, ನಿದ್ದೆ ಇಲ್ಲ. ಹುಚ್ಚು ಹಿಡಿದಿದೆ ಅಂತ ಎಂಟು ತಿಂಗಳು ನನ್ನನ್ನ ಒಲೆ ಮುಂದೆ ಬಿಡಲಿಲ್ಲ. ಮಕ್ಕಳಿಗೆ ಅನ್ನ ಬಡಿಸೋದಕ್ಕೂ ಬಿಡಲಿಲ್ಲ. ಅದು ಹುಚ್ಚಾ?"

ವಿಮಲೆ ಅತ್ತೆಯನ್ನೇ ನೋಡುತ್ತಿದ್ದಳು. ನಾನು ಹುವಾಗೆ ಹೇಳಿದೆ, ಒಂದು ಪದವನ್ನೂ ಬಿಡದೆ. ಹುವಾ ಕೈಯಲ್ಲಿದ್ದ ಕಾಗದಗಳನ್ನು ಪಕ್ಕಕ್ಕಿಟ್ಟು, ಎದ್ದು ಬಂದು ಕಾವೇರಮ್ಮನವರ ಕಾಲ ಬಳಿ ಕಾರ್ಪೆಟ್ಟಿನ ಮೇಲೆ ಕೂತಳು. ಅವರ ಕೈ ಹಿಡಿದು ತಲೆಯಾಡಿಸಿದಳು.

"ನೋ," ಎಂದಳು. "ನೋ, ನೋ."

ಅದನ್ನು ನಾನು ಕನ್ನಡಕ್ಕೆ ತರಬೇಕಾಗಲಿಲ್ಲ. ಕಾವೇರಮ್ಮ, "ಹಾಗಾದ್ರೆ ನನಗೆ ಏನೂ ಆಗಿರಲಿಲ್ಲ," ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದು ನಿಂತು, ಸೊಸೆಯ ಕಡೆ ತಿರುಗಿ, ಇವತ್ತು ಎಲ್ಲರಿಗೂ ಬಡಿಸುವವಳು ನಾನು ಎಂದರು. ಯಾರೂ ಬೇಡವೆನ್ನಲಿಲ್ಲ. ಎಲೆಗಳಿಲ್ಲದ ಊರಿನಲ್ಲಿ ಪಿಂಗಾಣಿ ತಟ್ಟೆ ಹಿಡಿದು ನಾವೆಲ್ಲ ಸಾಲಾಗಿ ನೆಲದ ಮೇಲೆ ಕೂತೆವು, ಹುವಾ ನನ್ನ ಪಕ್ಕದಲ್ಲಿ. ಕಾವೇರಮ್ಮ ಅನ್ನದ ಪಾತ್ರೆ ಸೊಂಟಕ್ಕೆ ಒತ್ತಿಕೊಂಡು, ಸಾಕು ಎಂದವರಿಗೂ ಇನ್ನೊಂದು ಕೈ ಹಾಕುತ್ತ ಸಾಲಿನ ಕೊನೆಯವರೆಗೂ ಬಡಿಸಿದರು.